ಬೊಡ್ಡೆಯಣ್ಣ ಕೇಳದ ಮನೆ

ನಮ್ಮ ಪಕ್ಕದ ಮನೆಯವನನ್ನು ಎಲ್ಲರೂ ಬೊಡ್ಡೆಯಣ್ಣ ಎಂದೇ ಕರೆಯುತ್ತಾರೆ. ಮರ ಕಡಿದ ಮೇಲೆ ಅಂಗಳದಲ್ಲಿ ಉಳಿಯುವ ಬೊಡ್ಡೆಗಳನ್ನು ಯಂತ್ರದಿಂದ ಅರೆದು ಪುಡಿ ಮಾಡುವುದು ಅವನ ಕಸುಬು. ಮರ ತನಗೆ ಹೊಡೆದ ಮೊಳೆಯನ್ನು ನುಂಗಿಕೊಂಡೇ ಬೆಳೆಯುತ್ತದೆ. ಅದು ತಗುಲಿದರೆ ಯಂತ್ರದ ಹಲ್ಲು ಮುರಿಯುತ್ತದೆ. ಅದಕ್ಕೇ ಯಾರ ಮನೆಗೆ ಹೋದರೂ ಮೊದಲು ಮನೆಯಾಕೆಯನ್ನು ಕರೆಯುತ್ತಾನೆ. "ಅಕ್ಕಾ, ಬುಡಕ್ಕೆ ಯಾವತ್ತಾದ್ರೂ ಮೊಳೆ ಹೊಡೆದಿದ್ರಾ?" ಗಂಡಸರನ್ನು ಕೇಳಿದರೆ ಯೋಚಿಸದೆ 'ಇಲ್ಲ' ಎಂದುಬಿಡುತ್ತಾರಂತೆ.

ಮೊನ್ನೆ ಅವನದೇ ಅಂಗಳದ ಬೊಡ್ಡೆಯ ಸರದಿ. ತನ್ನ ಮನೆಯ ಮರವಲ್ಲವೇ, ಯಾರನ್ನೂ ಕೇಳದೆ ಯಂತ್ರ ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೇ ಅದು ಕಿರುಚಿಕೊಂಡು ನಿಂತಿತು. ನಾನು ಕಾಂಪೌಂಡಿನಾಚೆಯಿಂದ ಇಣುಕಿದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಆಡಿಕೊಳ್ಳಲು ನನ್ನ ಬಾಯಿ ತುರಿಸುತ್ತಿತ್ತು. ಅವನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು.

"ಬಳ್ಳಿ ಹಬ್ಸೋಕೆ ಈ ಮೊಳೆ ನಾನೇ ಹೊಡೆದಿದ್ದು."

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?" ಎಂದು ಅವನು ರೇಗಿದ.

"ಊರ ಹೆಂಗಸರನ್ನೆಲ್ಲ ಅಕ್ಕಾ ಅಕ್ಕಾ ಅಂತ ಕೇಳ್ತೀರಿ. ನನ್ನನ್ನ ಯಾವತ್ತಾದ್ರೂ ಏನಾದ್ರೂ ಕೇಳಿದ್ದೀರಾ?"

ಅವನು ಅರ್ಧ ಅರೆದ ಬೊಡ್ಡೆಯ ಮೇಲೆ ಕೂತುಬಿಟ್ಟ. ನನಗೂ ನಗು ಬರಲಿಲ್ಲ. ಅವನು ಮೆಲ್ಲಗೆ ಕೇಳಿದ: "ಇನ್ನೂ ಮೊಳೆ ಇವೆಯೇನೇ?"

"ಮರದಲ್ಲಂತೂ ಇಲ್ಲ," ಎಂದಳು ಅವಳು.