ಕೊನೆಯವನ ಕೆಲಸ

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಹೊಟ್ಟೆಪಾಡಿಗೆ ಅವರದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು. ಭಾನುವಾರ ಬಂತೆಂದರೆ ಖಾಕಿ ತೊಟ್ಟು, ಕೊರಳಿಗೆ ಸ್ಕಾರ್ಫು ಸುತ್ತಿ, ಸೀಟಿ ಕಚ್ಚಿಕೊಂಡು ಶಾಲೆಯ ಮೈದಾನಕ್ಕಿಳಿಯುತ್ತಿದ್ದರು. ಆಗ ಅವರು ಸ್ಕೌಟ್ ಮೇಷ್ಟ್ರು. ಮಕ್ಕಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ದಿಕ್ಸೂಚಿ. ಕಣ್ಣು ಕಟ್ಟಿ ಯಾವ ಸಂದಿಗೊಂದಿಯಲ್ಲಿ ಬಿಟ್ಟರೂ ಈ ಮನುಷ್ಯ ಉತ್ತರ ದಿಕ್ಕು ಯಾವುದೆಂದು ಬೆರಳು ಮಾಡಿ ತೋರಿಸುತ್ತಾರೆಂದು. ಹೆಸರು ಕಿವಿಗೆ ಬಿದ್ದಾಗ ಗದರಿಸಿದಂತೆ ಮಾಡಿ ಒಳಗೊಳಗೇ ಉಬ್ಬುತ್ತಿದ್ದರು.

ವರ್ಷಕ್ಕೊಮ್ಮೆ ತಂಡವನ್ನು ಹಳೆಯ ರಾಜಧಾನಿಗೆ ಕರೆದೊಯ್ಯುವುದು ಅವರ ಪದ್ಧತಿ. ಕೋಟೆ, ಅರಮನೆ ಎಲ್ಲರೂ ನೋಡುವಂಥದ್ದೇ. ಮೇಷ್ಟ್ರ ಆಟ ಬೇರೆ. ಕೋಟೆಯೊಳಗಿನ ಹಳೇ ಪೇಟೆಯ ಓಣಿಗಳಲ್ಲಿ ಮುಂದೆ ಹೋದವರು ಮೂಲೆ ಮೂಲೆಗೆ ಸೀಮೆಸುಣ್ಣದ ಬಾಣ ಬರೆಯಬೇಕು, ಹಿಂದಿನವರು ಅದನ್ನು ಹುಡುಕಿಕೊಂಡು ಹೋಗಬೇಕು. ಎಲ್ಲರಿಗಿಂತ ಕೊನೆಯಲ್ಲಿ ಬರುವವನು ಒದ್ದೆ ಬಟ್ಟೆಯಿಂದ ಒಂದೊಂದೇ ಬಾಣ ಅಳಿಸುತ್ತ ಬರಬೇಕು. ಇನ್ನೊಬ್ಬರ ಗೋಡೆಯ ಮೇಲೆ ನಮ್ಮ ಗುರುತು ಉಳಿಯಬಾರದು ಎನ್ನುವುದು ಮೇಷ್ಟ್ರ ಹಟ. ಆಟ ಮುಗಿದಲ್ಲಿ ಒಂದು ವೃತ್ತ, ಅದರ ನಡುವೆ ಚುಕ್ಕೆ. ಮನೆ ಸೇರಿದ್ದೇವೆ ಎಂದು ಅದರರ್ಥ. ಆ ಕೊನೆಯವನ ಕೆಲಸವನ್ನು ಮೇಷ್ಟ್ರು ಇಷ್ಟು ವರ್ಷ ಯಾರಿಗೂ ಬಿಟ್ಟುಕೊಟ್ಟವರಲ್ಲ.

ಈ ವರ್ಷ ಮಾತ್ರ ಯಾಕೋ ಎಲ್ಲ ಹದಗೆಟ್ಟಿತು. ಪ್ರೆಸ್ಸಿನಲ್ಲಿ ಒಂದು ಪುಸ್ತಕದ ಪುಟಗಳನ್ನು ಹಿಂದುಮುಂದು ಮಾಡಿ ಹೊಲಿದರು. ಮಾಲೀಕರು ನಕ್ಕು ಸುಮ್ಮನಾದರು. ಮತ್ತೊಮ್ಮೆ ಹಾಗೇ ಆದಾಗ ನಗಲಿಲ್ಲ. ಕೈಯಿಂದ ಸೂಜಿ ತೆಗೆದುಕೊಂಡು, ಇನ್ನು ಮೇಲೆ ಅಂಟು ಕಲಸಿದರೆ ಸಾಕು ಎಂದರು. ಮನೆಯಲ್ಲಿ ಮೇಷ್ಟ್ರು ಬಾಯಿ ಬಿಡಲಿಲ್ಲ. ಹೆಂಡತಿಯೂ ಕೇಳಲಿಲ್ಲ. ಸ್ನಾನದ ನೀರಿಗೆ ಒಲೆ ಹಚ್ಚಿ ಮರೆತದ್ದನ್ನು, ಪಕ್ಕದ ಮನೆಯವರ ಬಾಗಿಲಿಗೆ ತಮ್ಮ ಕೀಲಿ ತೂರಿಸಿದ್ದನ್ನು ಆಕೆ ನೋಡಿಯೂ ನೋಡದಂತಿದ್ದರು.

ಪ್ರವಾಸ ನಿಲ್ಲಿಸೋಣವೆಂದರೆ ಮಕ್ಕಳು ಆಗಲೇ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ತಂಡದ ಸಹಾಯಕಿಯಾಗಿದ್ದ ಟೀಚರ್ ತಾನೇ ಕರೆದೊಯ್ಯುತ್ತೇನೆಂದಳು. ಚಿಕ್ಕವಳಿದ್ದಾಗ ಅವಳೂ ಇದೇ ಮೇಷ್ಟ್ರ ಬಾಣ ಹುಡುಕಿ ಬೆಳೆದವಳು. ಆದರೆ ತಾಯಂದಿರದು ಒಂದೇ ಮಾತು: ಮೇಷ್ಟ್ರು ಬಂದರೆ ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಹೋದರೆ ಮಕ್ಕಳನ್ನು ಎಲ್ಲಿ ಕಳೆದುಬಿಡುತ್ತೇನೋ ಎಂದು ಮೇಷ್ಟ್ರಿಗೆ ಭಯ, ಹೋಗದಿದ್ದರೆ ಅವರ ಆಸೆಗೆ ತಾವೇ ಮಣ್ಣು ಹಾಕಿದಂತೆ.

ಕೊನೆಗೆ ಗಟ್ಟಿ ಮನಸ್ಸು ಮಾಡಿ, ಒಮ್ಮೆ ಒಬ್ಬನೇ ಹೋಗಿ ದಾರಿ ನೋಡಿಕೊಂಡು ಬರುತ್ತೇನೆಂದು ಹೊರಟರು. ಹೆಂಡತಿ ಜೊತೆಗೆ ಬರುತ್ತೇನೆಂದದ್ದಕ್ಕೆ ಸಿಡುಕಿದರು. ದಿಕ್ಸೂಚಿಗೆ ಕಾವಲೇ?

ಹಳೇ ಪೇಟೆಯಲ್ಲಿ ಕಾಲು ತಾನಾಗಿ ನಡೆಯಿತು. ಗಡಿಯಾರದ ಗೋಪುರ, ಕಲ್ಲಿನ ಕಮಾನು, ಬಟ್ಟೆ ಬಣ್ಣ ಹಾಕುವವರ ಓಣಿ, ಎಲ್ಲ ಗುರುತಿನವೇ. ಆದರೂ ಇರಲಿ ಎಂದು ಮೂಲೆ ಮೂಲೆಗೆ ಬಾಣ ಬರೆದರು. ಹಿಂದಕ್ಕೆ ಬರುವಾಗ ದಾರಿಗೆ ಆಗುತ್ತದೆಂದು. ಎದೆ ಹಗುರಾಯಿತು, ಸಣ್ಣಗೆ ಸೀಟಿಯನ್ನೂ ಊದಿದರು.

ಹಿಂದಿರುಗಿದಾಗ ಮೊದಲ ಮೂಲೆಯಲ್ಲಿ ಬಾಣವಿರಲಿಲ್ಲ. ಬೇರೆ ಮೂಲೆಯಿರಬೇಕೆಂದು ಮುಂದೆ ಹೋದರು. ಅಲ್ಲೂ ಇಲ್ಲ. ನೀಲಿ ಬಾಗಿಲಿನ ಮನೆಯೊಂದು ಎದುರಾಯಿತು, ಸುತ್ತಿ ಬಂದರೆ ಮತ್ತೆ ಅದೇ ನೀಲಿ ಬಾಗಿಲು. ಮೈಯೆಲ್ಲ ಬೆವರಿತು. ಮುಖ ಒರೆಸಿಕೊಳ್ಳಲು ಜೇಬಿನಿಂದ ಬಟ್ಟೆ ತೆಗೆದರೆ ಅದು ಒದ್ದೆಯಾಗಿತ್ತು, ಸೀಮೆಸುಣ್ಣದಿಂದ ಬೆಳ್ಳಗಾಗಿತ್ತು.

ಒಂದೊಂದು ಬಾಣ ಬರೆದು, ಮುಂದಕ್ಕೆ ಹೊರಡುವ ಮೊದಲು ಅದನ್ನು ತಾವೇ ಅಳಿಸಿದ್ದರು. ಹಿಂದೆ ಯಾರೂ ಇರಲಿಲ್ಲವಲ್ಲ. ಮುಂದಿನವರೂ ಅವರೇ, ಕೊನೆಯವರೂ ಅವರೇ. ಎಷ್ಟೋ ವರ್ಷದ ರೂಢಿ, ಕೈ ಯಾರನ್ನೂ ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಅಳಿಸಿದ್ದು ಮಾತ್ರ ಒಂದಿಷ್ಟೂ ನೆನಪಿಲ್ಲ.

ಯಾರನ್ನಾದರೂ ಕೇಳೋಣವೆಂದರೆ ಮೈಮೇಲೆ ಖಾಕಿ, ಕೊರಳಲ್ಲಿ ಸೀಟಿ. ಫೋನ್ ಬಡಿದುಕೊಂಡಿತು. ಎಲ್ಲಿದ್ದೀರೆಂದು ಹೆಂಡತಿ ಕೇಳಿದರೆ ಬಸ್ ಹತ್ತುತ್ತಿದ್ದೇನೆಂದು ಸುಳ್ಳು ಹೇಳಿದರು. ಬಿಸಿಲು ಗೋಡೆಯಿಂದ ಇಳಿದುಹೋಯಿತು. ನೀಲಿ ಬಾಗಿಲು ಇನ್ನೊಮ್ಮೆ ಎದುರಾದಾಗ ಅದರ ಮೆಟ್ಟಿಲ ಮೇಲೆ ಕುಸಿದು ಕೂತರು. ಫೋನ್ ಮತ್ತೆ ಬಂತು.

"ದಾರಿ ತಪ್ಪಿದೆ ಕಣೇ," ಎಂದರು. ಗಂಡ ಆ ಮಾತು ಆಡಿದ್ದನ್ನು ಆಕೆ ಅದುವರೆಗೆ ಕೇಳಿರಲಿಲ್ಲ.

ಆಕೆ ಗಾಬರಿ ತೋರಿಸಲಿಲ್ಲ. "ಅಲ್ಲೇ ಕೂತಿರಿ. ಹತ್ತಿರ ಯಾರಿದ್ದಾರೋ ಅವರ ಕೈಗೆ ಫೋನ್ ಕೊಡಿ."

ಎದುರಿಗೆ ಬೀಗ ರಿಪೇರಿ ಮಾಡುವವನೊಬ್ಬನಿದ್ದ. ಅವನು ಅಂಗಡಿ ಮುಚ್ಚಿ, ಮೇಷ್ಟ್ರ ಕೈ ಹಿಡಿದು ಬಸ್ಸಿನವರೆಗೂ ಕರೆದೊಯ್ದ. ದಾರಿಯುದ್ದಕ್ಕೂ ಮೇಷ್ಟ್ರು ತಲೆ ಎತ್ತಲಿಲ್ಲ.

ಮುಂದಿನ ಭಾನುವಾರ ಶಾಲೆಯಲ್ಲಿ ತಂದೆತಾಯಂದಿರ ಸಭೆ. ಮೇಷ್ಟ್ರು ಎದ್ದು ನಿಂತರು, ಸೀಟಿ ಬಿಚ್ಚಿ ಟೀಚರ್ ಮುಂದಿಟ್ಟರು.

"ನಾನು ಬರೋದಿಲ್ಲ. ನಂಗೇ ದಾರಿ ನೆನಪಿರಲ್ಲ ಈಗ. ಈ ಹುಡುಗಿಗೆ ನಂಗಿಂತ ಚೆನ್ನಾಗಿ ಗೊತ್ತು, ಕಳಿಸಿಕೊಡಿ."

ಎಲ್ಲರಿಗಿಂತ ಹೆಚ್ಚು ತಕರಾರು ತೆಗೆಯುತ್ತಿದ್ದ ನರ್ಸಮ್ಮ ಕಣ್ಣೊರೆಸಿಕೊಂಡು ಮಗಳನ್ನು ಕಳಿಸುತ್ತೇನೆಂದರು. ಇಷ್ಟು ನಿಜ ಹೇಳಿದವರ ಮಾತು ನಂಬದೆ ಇನ್ನಾರ ಮಾತು ನಂಬಲಿ ಎಂದರು. ಉಳಿದವರೂ ಒಪ್ಪಿದರು. ಮೇಷ್ಟ್ರಿಗೆ ಖುಷಿಯಾಗಲಿಲ್ಲ. ಯಾರಾದರೂ ಒಬ್ಬರು, ಇಲ್ಲ ನೀವೇ ಬನ್ನಿ, ಎನ್ನುತ್ತಾರೆಂದು ಒಳಗೆಲ್ಲೋ ಆಸೆಯಿತ್ತು.

ಹೊರಡುವ ದಿನ ಗಂಡಹೆಂಡತಿ ಇಬ್ಬರೂ ಶಾಲೆಗೆ ಹೋಗಿ ಬಸ್ಸಿಗೆ ಕೈ ಬೀಸಿದರು. ಬಸ್ಸು ತಿರುವಿನಲ್ಲಿ ಮರೆಯಾದದ್ದೇ ಹೆಂಡತಿ, ನೀವು ನಿಧಾನಕ್ಕೆ ಬನ್ನಿ ಎಂದು ಮುಂದೆ ಹೋಗಿಬಿಟ್ಟರು. ಇವಳಿಗೇನು ಬಂತು ದೊಡ್ಡ ರೋಗ, ನನ್ನನ್ನು ಹೀಗೆ ನಡುಬೀದಿಯಲ್ಲಿ ಬಿಟ್ಟು ಹೋಗಲಿಕ್ಕೆ, ಎಂದು ಮೇಷ್ಟ್ರಿಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಗೇಟಿನ ಕಂಬದ ಬುಡದಲ್ಲಿ ಒಂದು ಬಾಣವಿತ್ತು. ಬಾಲಕ್ಕೆ ಮೂರು ಗೆರೆ, ತಾವೇ ಕಲಿಸಿದ ಬಾಣ. ಅಂಚೆ ಡಬ್ಬಿಯ ಹತ್ತಿರ ಇನ್ನೊಂದು. ಕ್ಷೌರದಂಗಡಿಯ ಮೂಲೆಯಲ್ಲಿ ಮತ್ತೊಂದು, ತೀರಾ ಸೊಟ್ಟಗೆ, ಯಾವುದೋ ಚಿಕ್ಕ ಕೈ ಬರೆದದ್ದು. ಹಾಗಾದರೆ ಮಕ್ಕಳಿಗೆಲ್ಲ ಗೊತ್ತಾಗಿದೆ. ನಾಚಿಕೆಯಿಂದ ಮುಖ ಬಿಸಿಯಾಯಿತು. ಕೈ ತಾನಾಗಿ ಜೇಬಿಗಿಳಿದು ಬಟ್ಟೆ ಹಿಡಿಯಿತು. ತಂಡ ಹೋಗಿಯಾಗಿದೆ, ಕೊನೆಯವರು ಅವರೇ.

ಬಟ್ಟೆ ಹಿಡಿದುಕೊಂಡೇ ನಡೆದರು. ಮನೆಯ ಹೊಸ್ತಿಲ ಬಳಿ ವೃತ್ತವಿತ್ತು, ನಡುವೆ ಚುಕ್ಕೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿದ್ದ ಬಟ್ಟೆ ನೋಡಿದರು.

"ಅಳಿಸಿಕೊಂಡು ಬಂದ್ರಾ?"

ಮೇಷ್ಟ್ರು ಬಟ್ಟೆಯನ್ನು ಆಕೆಯ ಕೈಗೆ ಕೊಟ್ಟರು.

"ಇಲ್ಲ ಕಣೇ. ನಾಳೆ ಬೇಕಾಗುತ್ತೆ."