ಮಂಡಿಯೂರಿ ಹೇಳಿದ ಸುಳ್ಳು

ನಾಲೊಂಗೊಳ ನಿಜವಾದ ಹೆಸರು ನಾನ್ಸಿಕೊಂಬಿ. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಅವಳಿ ಮಕ್ಕಳನ್ನು ಹೆತ್ತ ದಿನದಿಂದ ಲುವಾಬೆಯ ಸರೋವರ ದಡದವರಿಗೆಲ್ಲ ಅವಳು ನಾಲೊಂಗೊ, ಅವಳಿಗಳ ತಾಯಿ. ಮೂವತ್ತು ವರ್ಷ ಅದೇ ದಡದಲ್ಲಿ ಮಣ್ಣಿನ ಗೂಡಿನ ಮೇಲೆ ಮೀನು ಹರವಿ, ಹೊಗೆಯಲ್ಲಿ ಒಣಗಿಸಿ ಮಾರಿದವಳು. ಗಂಡ ಮೀನು ಹಿಡಿಯಲು ದ್ವೀಪಗಳಿಗೆ ಹೋಗಿ ಎಚ್‌ಐವಿ ತಂದ, ಅವಳಿಗೂ ಕೊಟ್ಟ, ತಾನು ಸತ್ತ. ಅವಳು ಸಾಯಲಿಲ್ಲ. ಹದಿನಾರು ವರ್ಷ ಒಂದು ಹೊತ್ತೂ ತಪ್ಪಿಸದೆ ಮಾತ್ರೆ ನುಂಗಿದಳು. ರಕ್ತದಲ್ಲಿ ವೈರಸ್ ಕಾಣುವುದೇ ಇಲ್ಲವೆಂದು ಕ್ಲಿನಿಕ್ಕಿನವರು ಬೆನ್ನು ತಟ್ಟಿದರು. ಸರಿ, ವೈರಸ್ ಕಾಣಲಿಲ್ಲ. ಅವಳ ಉಸಿರು ಕಡಿಮೆಯಾಗುತ್ತ ಬಂದದ್ದು ಇವರ ಕಣ್ಣಿಗೆ ಯಾಕೆ ಕಾಣಲಿಲ್ಲ?

ಕೆಮ್ಮು ಶುರುವಾಗಿ ಹತ್ತು ವರ್ಷ ದಾಟಿತ್ತು. ಎಚ್‌ಐವಿ ಇರುವವರು ಕೆಮ್ಮಿದರೆ ಅದು ಕ್ಷಯವೇ ಎಂಬುದು ಆ ಸೀಮೆಯ ತೀರ್ಮಾನ. ಕಫದಲ್ಲಿ ಏನೂ ಸಿಗದಿದ್ದರೂ, ಯಾವುದಕ್ಕೂ ಇರಲಿ ಎಂದು, ಆರು ತಿಂಗಳು ಕ್ಷಯದ ಗುಳಿಗೆ ನುಂಗಿಸಿದರು. ಮೂತ್ರ ಕೆಂಪಾಯಿತು, ಕೆಮ್ಮು ಇದ್ದಲ್ಲೇ ಇತ್ತು. ಪಕ್ಕದ ಗೂಡಿನ ಗೆಳತಿ ಚೊಲಾಬಳಿಗೆ ಎರಡೆರಡು ಸಲ ನುಂಗಿಸಿದರು. ಅವಳು ಕೊನೆಯ ಮೂರು ತಿಂಗಳು ಮಲಗಲಾಗದೆ ಗೋಡೆಗೆ ಒರಗಿ ಕೂತೇ ಇದ್ದಳು. ಹೋದ ಮಳೆಗಾಲದಲ್ಲಿ ಕೂತಲ್ಲೇ ಸತ್ತಳು. ಗೂಡು ಈಗ ಅವಳ ಮಗಳು ಜಾಲ್ವಾಂಗೊಳದು. ಎಚ್‌ಐವಿ ಆ ಹುಡುಗಿಗೆ ಹುಟ್ಟುವಾಗಲೇ ತಾಯಿಯಿಂದ ಬಂದಿತ್ತು. ಈಗ ಕೆಮ್ಮೂ ಬಂದಿತ್ತು.

ಏಳು ವರ್ಷದ ಹಿಂದೆ ಪೇಟೆಯಿಂದ ಸಂಶೋಧನೆಯವರು ಬಂದರು. ಡಾಕ್ಟರ್ ಸೆಮ್ವೊಗೆರೆರೆ ಒಳ್ಳೆಯ ಮಾತುಗಾರ. ವೈರಸ್ ತೆಪ್ಪಗಿದ್ದರೂ ಕೆಲವರ ಶ್ವಾಸಕೋಶ ಒಳಗೊಳಗೇ ಕೆಡುತ್ತದೆ. ಹಾಗೆ ಕೆಡುವಾಗ ರಕ್ತದಲ್ಲಿ ಕೆಲವು ಪ್ರೋಟೀನುಗಳು ಏರುತ್ತವೆಯೇ ನೋಡಬೇಕು. ಏರುವುದು ನಿಜವಾದರೆ ಉಸಿರು ಪೂರಾ ಕಟ್ಟುವ ಮುಂಚೆಯೇ ಕಾಯಿಲೆ ಹಿಡಿಯಬಹುದು, ಎಂದ. ಹೆಂಗಸರು ತೋಳು ಚಾಚಿದರು. ವರ್ಷಕ್ಕೆ ಎರಡು ಸಲ ರಕ್ತ. ಚೊಲಾಬ ನೂರ ಹದಿಮೂರನೆಯವಳು, ನಾಲೊಂಗೊ ನೂರ ಹದಿನಾಲ್ಕು.

ಪ್ರತಿ ಸಲವೂ ಮೊದಲು ನರ್ಸ್ ಬಿರುಂಗಿಯ ಮುಂದೆ ಹೋಗಬೇಕು. ಮದ್ದು ಕೊಡುವವರು ಯಾರೇ ಇರಲಿ, ವಯಸ್ಸು ಎಷ್ಟೇ ಇರಲಿ, ಅವರು ಮುಸಾವೊ. ಅವರಿಗೆ ಹೆಂಗಸರು ಮಂಡಿಯೂರಿಯೇ ವಂದಿಸುವುದು. ನಾಲೊಂಗೊ ಮಂಡಿಯೂರುತ್ತಿದ್ದಳು. ಹೇಗಿದ್ದೀರಿ ಎಂದು ಬಿರುಂಗಿ ಕೇಳುತ್ತಿದ್ದಳು. ಚೆನ್ನಾಗಿದ್ದೇನೆ. ಮನೆಯವರು? ಚೆನ್ನಾಗಿದ್ದಾರೆ. ಉಸಿರಾಟ? ಚೆನ್ನಾಗಿದೆ. ಮನೆ ಸುಟ್ಟು ಬಂದವಳೂ ವಂದನೆ ಮುಗಿಯುವ ತನಕ ಚೆನ್ನಾಗಿದ್ದೇನೆಂದೇ ಹೇಳಬೇಕು. ಕಷ್ಟ ಹೇಳುವುದೆಲ್ಲ ಆಮೇಲೆ. ಆದರೆ ಆ ಆಮೇಲೆ ಬರುತ್ತಲೇ ಇರಲಿಲ್ಲ. ನೆಲಕ್ಕೆ ಕೈಯೂರಿ, ಏದುಸಿರು ಬಿಡುತ್ತ ಅವಳು ಏಳುವಷ್ಟರಲ್ಲಿ ಬಿರುಂಗಿ ಹಾಳೆಯಲ್ಲಿ ಗೀಟು ಹಾಕಿ ಮುಂದಿನವಳನ್ನು ಕರೆದಾಗಿರುತ್ತಿತ್ತು.

ಈ ವರ್ಷ ಸಂಶೋಧನೆ ಮುಗಿಯಿತೆಂದು ಶಾಮಿಯಾನ ಹಾಕಿ ಎಲ್ಲರನ್ನೂ ಕರೆದರು. ತಲೆಗೊಂದು ಸೋಡಾ, ಒಂದು ಬಾರ್ ಸೋಪು. ಡಾಕ್ಟರ್ ನಗುನಗುತ್ತಲೇ ಮಾತಾಡಿದ. ಶ್ವಾಸಕೋಶ ಕೆಟ್ಟವರಲ್ಲಿ ಮೂರು ಪ್ರೋಟೀನುಗಳು ಏರಿದ್ದು ಸಿಕ್ಕಿದೆಯಂತೆ. ಉಸಿರಾಟಕ್ಕೆ ತೊಂದರೆ ಇಲ್ಲವೆಂದು ಬರೆಸಿದವರಲ್ಲೂ ಎಷ್ಟೋ ಜನರಿಗೆ ಅವು ಏರಿದ್ದವಂತೆ. ಬಹಳ ಕುತೂಹಲದ ವಿಷಯವಂತೆ. ಕುತೂಹಲ! ಚೊಲಾಬಳ ಮಣ್ಣು ಇನ್ನೂ ಆರಿರಲಿಲ್ಲ, ಇವನಿಗೆ ಕುತೂಹಲ.

ನಾಲೊಂಗೊ ಸೋಡಾ ಕೆಳಗಿಟ್ಟು ಎದ್ದು, ನೂರ ಹದಿನಾಲ್ಕು ಏನಾಗಿದೆ ನೋಡಿ ಎಂದಳು. ಪ್ರೋಟೀನಿನ ಲೆಕ್ಕ ಇನ್ನೂ ಪಕ್ಕಾ ಆಗಿಲ್ಲ, ಒಬ್ಬೊಬ್ಬರಿಗೆ ಹೇಳುವಂಥದ್ದಲ್ಲ ಎಂದು ಅವನು ಜಾರಿಕೊಳ್ಳಲು ನೋಡಿದ. ಅವಳು ಕೂರಲಿಲ್ಲ. ಕೊನೆಗೆ ಅವನು ಕಂಪ್ಯೂಟರ್ ನೋಡಿದ. ಮೊದಲ ವರ್ಷದಿಂದಲೇ ಮೂರೂ ಏರಿದ್ದವು.

"ನೂರ ಹದಿಮೂರು?"

ಅವನು ನೋಡಿದ. ಅಲ್ಲೂ ಮೂರೂ ಏರಿದ್ದವು.

"ಏಳು ವರ್ಷದಿಂದ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ ಮುಸಾವೊ?"

"ಗೊತ್ತಿರ್ಲಿಲ್ಲ ನಾಲೊಂಗೊ. ರಕ್ತನೆಲ್ಲ ಐಸಲ್ಲಿಟ್ಟಿರ್ತೀವಿ. ಕೊನೇಲಿ ಒಟ್ಟಿಗೆ ಪರೀಕ್ಷೆ ಮಾಡೋದು. ಯಂತ್ರದ ಕೊಳವೆ ಊದೋ ಪರೀಕ್ಷೆ ಮಾಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ಆದ್ರೆ ಅದಕ್ಕೆ ಕಳಿಸ್ತಿದ್ದಿದ್ದು ಉಸಿರಿಗೆ ತೊಂದ್ರೆ ಅಂದೋರನ್ನ ಮಾತ್ರ."

ಬಿರುಂಗಿ ಹಾಳೆಗಳ ಕಟ್ಟು ತೆಗೆದಳು. ಹದಿನಾಲ್ಕು ಹಾಳೆಗಳಲ್ಲೂ ತೊಂದರೆ ಇಲ್ಲ ಎಂಬಲ್ಲೇ ಗೀಟು. "ನೀವೇ ಹೇಳಿದ್ದಲ್ವಾ ಅಮ್ಮಾ, ಚೆನ್ನಾಗಿದೆ ಅಂತ," ಎಂದಳು ಮೆಲ್ಲಗೆ.

ನಾಲೊಂಗೊಳಿಗೆ ಮೈಯೆಲ್ಲ ಉರಿದುಹೋಯಿತು. "ಮಂಡಿಯೂರಿದ್ದೆ ಕಣಮ್ಮ! ಮಂಡಿಯೂರ್ಕೊಂಡು ಯಾವಳಾದ್ರೂ ನನ್ನ ಕಷ್ಟ ಹಿಂಗಿಂಗೆ ಅಂತಾಳಾ? ನಿಮ್ಮಮ್ಮ ಅಂತಾಳಾ? ನಾನು ಏಳೋಕೆ ಒದ್ದಾಡ್ತಿದ್ದಿದ್ದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?" ಅಷ್ಟು ಹೇಳುವಷ್ಟರಲ್ಲಿ ಉಸಿರು ಸಾಲದೆ ಕುರ್ಚಿಯ ಬೆನ್ನು ಹಿಡಿದು ನಿಂತಳು. ಆಮೇಲೆ ತಗ್ಗಿದ ದನಿಯಲ್ಲಿ ಅಂದಳು: "ನಾನು ಮರ್ಯಾದೆ ಅಂತ ಸುಳ್ಳು ಹೇಳ್ದೆ. ನನ್ನ ರಕ್ತ ನಿಜ ಹೇಳ್ತು. ಅದನ್ನ ಐಸಲ್ಲಿಟ್ರಿ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಮರುವಾರವೇ ಅವಳಿಂದ ಯಂತ್ರದ ಕೊಳವೆ ಊದಿಸಿದರು. ಶ್ವಾಸಕೋಶ ಅರ್ಧಕ್ಕರ್ಧ ಹೋಗಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಬಾಯಿಗೆ ಎಳೆದುಕೊಳ್ಳುವ ಇನ್‌ಹೇಲರ್ ಕೊಟ್ಟರು. ಹೊಗೆ ಆಗದು, ಗೂಡು ಬಿಡು ಎಂದರು. ಬಿಟ್ಟು ತಿನ್ನುವುದೇನು ಎಂಬುದನ್ನು ಹೇಳಲಿಲ್ಲ. ಅವಳ ಸಿಟ್ಟು ಇಳಿಯಲೇ ಇಲ್ಲ. ಬಿರುಂಗಿಯ ಮೇಲೆ ಎಷ್ಟೋ, ತನ್ನ ಮಂಡಿಗಳ ಮೇಲೂ ಅಷ್ಟೇ ಸಿಟ್ಟು. ಚೊಲಾಬಳಿಗೆ ಹೀಗೆ ಮಂಡಿಯೂರಿ ವಂದಿಸುವುದನ್ನು ಕಲಿಸಿದವಳು ತಾನೇ; ಅನಾಥೆಯಾಗಿ ದಡಕ್ಕೆ ಬಂದಾಗ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ.

ಮಾತ್ರೆ ಕೊಡುವ ಮುಂದಿನ ದಿನ ಅವಳು ಜಾಲ್ವಾಂಗೊಳನ್ನು ಕರೆದುಕೊಂಡು ಹೋದಳು. ಅದೇ ಮೇಜು, ಅದೇ ಬಿರುಂಗಿ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೇಳಿಕೊಟ್ಟಿದ್ದಳು. ಆದರೆ ಮೇಜಿನ ಮುಂದೆ ಹೋದದ್ದೇ ಹುಡುಗಿ ಮಂಡಿಯೂರಿದಳು, ಕಣ್ಣು ತಗ್ಗಿಸಿದಳು. ಹೇಗಿದ್ದೀಯ ಎಂದು ಬಿರುಂಗಿ ಕೇಳಿದಳು. ಚೆನ್ನಾಗಿದ್ದೇನೆ. ಉಸಿರಾಟ?

"ಚೆನ್ನಾಗಿದೆ, ಮುಸಾವೊ."

ನಾಲೊಂಗೊ ಅವಳ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದಳು. ಎತ್ತುವಾಗ ಇಬ್ಬರಿಗೂ ಕೆಮ್ಮು ಬಂತು. ಸಾಲಿನಲ್ಲಿದ್ದವರು ಗುಸುಗುಸು ಮಾಡಿದರು, ಯಾರೋ ಮುದುಕಿ ನಾಚಿಕೆಗೇಡು ಎಂದಳು.

"ನಿಂತ್ಕೊಂಡು ಹೇಳು," ಎಂದಳು ನಾಲೊಂಗೊ. "ನಿಮ್ಮಮ್ಮ ಕೂತೇ ಸತ್ಲು."

ಹುಡುಗಿ ಮೇಜಿನ ಅಂಚು ಹಿಡಿದುಕೊಂಡಳು. ಸೌದೆ ಹೊತ್ತು ದಡ ಹತ್ತೋಕಾಗ್ತಿಲ್ಲ ಎಂದಳು, ಮಲಗಿದ್ರೆ ಎದೆ ಕಟ್ಟುತ್ತೆ ಎಂದಳು. ಆಮೇಲೆ ಅಳತೊಡಗಿದಳು. ಬಿರುಂಗಿ ಆಗಲೇ ಹಾಕಿದ್ದ ಗೀಟನ್ನು ಹೊಡೆದುಹಾಕಿ, ಪಕ್ಕದಲ್ಲಿ ತೊಂದರೆ ಇದೆ ಎಂಬಲ್ಲಿ ಇನ್ನೊಂದು ಹಾಕಿದಳು.