ಮುಸುಕು ತೆಗೆಯುವ ಮೊದಲು

ಮೊನ್ನೆ ಮೊಮ್ಮಗ ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ಹೊಸದಾಗಿ ಹಾಕಿದ ವೆಲ್ಡಿಂಗ್ ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಿದ್ದ. ಪೂಜೆ ಮುಗಿದು ತೆಂಗಿನಕಾಯಿ ಒಡೆದಾಗಿತ್ತು. ಅಷ್ಟರಲ್ಲಿ ಕೆಲಸದವನೊಬ್ಬ ಕಾರ್ಬೈಡಿಗೆ ನೀರು ಬಿಟ್ಟ. ಕೊಳೆತ ಬೆಳ್ಳುಳ್ಳಿಯಂಥ ಆ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮುಂದೆ ಹೋಗಿ ನಿಂತೆ. "ಆಯಿ, ಅಷ್ಟು ಹಂತೇಕ ಹೋಗಬ್ಯಾಡ" ಎಂದು ಮೊಮ್ಮಗ ತೋಳು ಹಿಡಿದ.

ಅವನಿಗೇನು ಗೊತ್ತು, ನನಗೆ ಅದು ಸಿನಿಮಾದ ವಾಸನೆ. ಇಪ್ಪತ್ತರ ದಶಕದ ಮಾತು. ಬೆಳಗಾವಿ ಕೋಟೆಯ ಕಂದಕದ ಆಚೆ ಬಯಲಿನಲ್ಲಿ ಡೇರೆ ಹಾಕಿ ಮೂಕಿ ಚಿತ್ರ ತೋರಿಸುತ್ತಿದ್ದರು. ಇದ್ದದ್ದು ಒಂದೇ ಯಂತ್ರ. ಒಂದು ರೀಲು ಮುಗಿದು ಇನ್ನೊಂದು ಏರಿಸುವ ತನಕ ಕಾರ್ಬೈಡಿನ ಗ್ಯಾಸ್ ದೀಪ ಹಚ್ಚುತ್ತಿದ್ದರು. ಆ ವಾಸನೆ ಬಂತೆಂದರೆ ನಮ್ಮ ಬಾಜು ಮನೆಯ ಕಾಕು, ಅಂದರೆ ಚಿಕ್ಕಮ್ಮ, ಮುಂದಿನ ಕಥೆ ಹೇಳಲು ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು…

ನಾನು ಆಗ ಹೊಸ ಸೊಸೆ. ಕಾಕು ಅರಿವೆ ಅಂಗಡಿಯವರ ಹೆಂಡತಿ, ನನ್ನ ತಾಯಿಯ ವಯಸ್ಸಿನವರು, ಮಕ್ಕಳಿಲ್ಲ. ಮನೆಮಾತು ಮರಾಠಿಯಾದರೂ ಕನ್ನಡದಲ್ಲಿ ಜಗಳ ಆಡಿದರೆ ಎದುರಿನವರಿಗೆ ಉಸಿರೆತ್ತಲು ಬಿಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರವನ್ನೂ ಕೂಡಿಸಿ ಓದುತ್ತಿದ್ದರು. ಡೇರೆಯಲ್ಲಿ ಹೆಂಗಸರಿಗೆ ಒಂದು ಬದಿಗೆ ಪರದೆ ಕಟ್ಟಿ ಜಾಗ ಮಾಡಿದ್ದರು. ಗಂಡಸರ ಕಡೆ ಒಬ್ಬ ಕಥೆ ಹೇಳುವವನಿದ್ದ. ಕೋಲು ಹಿಡಿದು, ಚಿತ್ರ ಬೀಳುವ ಬಿಳಿ ತೆರೆಯ ಮೇಲಿನ ಇಂಗ್ಲಿಷ್ ಬರಹ ಓದಿ, ಮರಾಠಿಯಲ್ಲಿ ಕೂಗಿ ಹೇಳುವುದು ಅವನ ಕೆಲಸ. ಅವನಿಗೊಂದು ಕೆಟ್ಟ ಚಾಳಿ. ಚಿತ್ರದಲ್ಲಿ ಮುಸುಕು ಹಾಕಿದವನು ಮೊದಲ ಸಲ ಕಾಣಿಸಿಕೊಂಡ ಕೂಡಲೇ, "ಇವನೇ ಆ ಹುಡುಗಿಯ ಚಿಕ್ಕಪ್ಪ, ಆಸ್ತಿಗಾಗಿ ಕೊಲ್ಲಲು ಬಂದಿದ್ದಾನೆ" ಎಂದು ಬಿಚ್ಚಿ ಇಟ್ಟುಬಿಡುತ್ತಿದ್ದ.

ಆಗ ಬರುತ್ತಿದ್ದವು ಬಹುತೇಕ ಅಂಥವೇ. ವಾರಕ್ಕಿಷ್ಟು ಭಾಗವೆಂದು ತುಂಡು ಮಾಡಿ ತೋರಿಸುತ್ತಿದ್ದ ಪತ್ತೇದಾರಿ ಚಿತ್ರಗಳು. ಒಬ್ಬ ಧೈರ್ಯದ ಹುಡುಗಿ, ಒಂದು ಕಾಣೆಯಾದ ಪೆಟ್ಟಿಗೆ, ಓಡುವ ರೈಲು, ಮುಸುಕಿನವನು. ಪ್ರತಿ ವಾರ ಹುಡುಗಿ ಬಾವಿಗೋ ಬೆಂಕಿಗೋ ಬೀಳುವ ಹೊತ್ತಿಗೆ ಸರಿಯಾಗಿ ಚಿತ್ರ ನಿಲ್ಲುತ್ತಿತ್ತು. ಮುಸುಕಿನವನು ಯಾರೆಂದು ತಿಳಿಯಬೇಕಾದದ್ದು ಕಟ್ಟಕಡೆಯ ರೀಲಿನಲ್ಲಿ. ಅಲ್ಲಿಯ ತನಕ ನಮ್ಮ ಓಣಿಯಲ್ಲಿ ಬೇರೆ ಮಾತಿಲ್ಲ. ರೊಟ್ಟಿ ಬಡಿಯುವಾಗಲೂ ಅದೇ, ನೀರಿಗೆ ಹೋದರೂ ಅದೇ.

ಕಾಕು ಒಂದು ಸಂಜೆ ಸೀದಾ ಡೇರೆಯ ಮಾಲಕನ ಮುಂದೆ ಹೋಗಿ ನಿಂತರು. ನಾನು ಅವರ ಬೆನ್ನ ಹಿಂದೆ.

"ನಿಮ್ಮ ಮನಶ್ಯಾ ಎಲ್ಲಾ ಮೊದಲ ಹೇಳಿಬಿಡ್ತಾನ. ಆಮ್ಯಾಲೆ ನಾವು ಏನ ನೋಡಬೇಕು? ಹೆಂಗಸರ ಕಡೆ ನಾ ಹೇಳ್ತೀನಿ. ಕನ್ನಡದಾಗ ಹೇಳ್ತೀನಿ."

ಮಾಲಕ ನಕ್ಕ. ಆದರೆ ಇಲ್ಲ ಎನ್ನಲಿಲ್ಲ. "ಹೇಳ್ರಿ ಬಾಯಾರ. ಖರೇ ಅಂದ್ರ, ಹೆಂಗಸರು ಬರೋದ ಕಮ್ಮಿ ಆಗೇತಿ. ಮುಂದಿನ ಮುಕ್ಕಾಮು ಖಾನಾಪುರ. ಅಲ್ಲೆ ನಿಮ್ಮ ಕಡೆ ತುಂಬಲಿಲ್ಲ ಅಂದ್ರ ಪರದೆ ಬಿಚ್ಚಿಬಿಡ್ತೀನಿ" ಎಂದ. ಪರದೆ ಬಿಚ್ಚುವುದೆಂದರೆ ನಮಗೆ ಸಿನಿಮಾ ಮುಗಿದಂತೆಯೇ. ಗಂಡಸರ ನಡುವೆ ಕೂಡಲು ಯಾವ ಅತ್ತೆ ಬಿಟ್ಟಾಳು?

ಅಂದಿನಿಂದ ಕಾಕು ಪರದೆಯ ಈಚೆ ನಿಂತು ಹೇಳತೊಡಗಿದರು. ಮುಸುಕು ಕಳಚುವ ತನಕ ಹೆಸರು ಕೂಗಬಾರದೆಂದು ಆಚೆಯವನಿಗೂ ಮಾಲಕ ತಾಕೀತು ಮಾಡಿದ. ಅವರು ಎಷ್ಟು ಚೆಂದ ಮಾತಾಡುತ್ತಿದ್ದರೆಂದು ಎಲ್ಲರೂ ಹೊಗಳುತ್ತಿದ್ದರು. ನನಗೆ ನೆನಪಿರುವುದು ಅವರು ಸುಮ್ಮನಾಗುತ್ತಿದ್ದ ರೀತಿ. ಬಾಗಿಲ ಹಿಂದೆ ಚಾಕು ಹಿಡಿದವನು ನಿಂತಿರುವುದು ನಮಗೆ ಕಾಣುತ್ತಿದೆ, ಹುಡುಗಿಗೆ ಗೊತ್ತಿಲ್ಲ, ಅವಳು ಬರುತ್ತಿದ್ದಾಳೆ. ಅಲ್ಲಿ ಕಾಕು ಬಾಯಿ ಮುಚ್ಚಿಬಿಡುತ್ತಿದ್ದರು. ನಮ್ಮ ಕಡೆ ಯಂತ್ರದ ಕಟಕಟ ಒಂದೇ ಕೇಳುತ್ತಿತ್ತು.

ಚಿತ್ರದ ಕೊನೆಯ ಭಾಗ ಒಂದೇ ಬಾಕಿ ಇರುವಾಗ ಡೇರೆ ಖಾನಾಪುರಕ್ಕೆ ಹೋಯಿತು. ಅದು ಕಾಕುವಿನ ತವರೂರು. ಅಲ್ಲೇ ಹತ್ತಿರದ ಹಲಸಿ ಊರಿನ ದೇವರಿಗೆ ಹೋಗಿಬರುತ್ತೇವೆಂದು ನಮ್ಮ ಅತ್ತೆಯನ್ನು ಒಪ್ಪಿಸಿ, ನನ್ನನ್ನೂ ರೈಲು ಹತ್ತಿಸಿದರು. ದೇವರಿಗೂ ಹೋದೆವು ಅನ್ನಿ, ಸುಳ್ಳಾಗಬಾರದಲ್ಲ. ಉಳಿದ ಹೊತ್ತೆಲ್ಲ ಕಾಕು ಮನೆಮನೆ ಹೊಕ್ಕು, ಮರಾಠಿಯವರಿಗೆ ಮರಾಠಿಯಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಹಿಂದಿನ ಭಾಗಗಳ ಕಥೆ ಹೇಳಿದರು. ಹುಡುಗಿಯನ್ನು ಬಾವಿಯ ಹಗ್ಗಕ್ಕೆ ಜೋತುಬಿಟ್ಟು, "ಉಳದದ್ದು ಡೇರೇದಾಗ" ಎಂದು ಎದ್ದು ಬರುತ್ತಿದ್ದರು. ಕೊನೆಯ ಭಾಗದ ಸಂಜೆ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ.

ಮೊದಲ ರೀಲು ಮುಗಿಯಿತು. ದೀಪ ಹಚ್ಚಿದರು, ಆರಿಸಿದರು. ನೋಡಿದರೆ ಬಾವಿಯಲ್ಲಿದ್ದ ಹುಡುಗಿ ಒಣ ಬಟ್ಟೆ ಉಟ್ಟು ಕಚೇರಿಯಲ್ಲಿ ಕೂತಿದ್ದಾಳೆ. ಪೊಲೀಸರು ಮುಸುಕಿನವನನ್ನು ಎಳೆದು ತರುತ್ತಿದ್ದಾರೆ. ಯಂತ್ರದವನು ಕಡೆಯ ರೀಲನ್ನು ನಡುವೆ ಏರಿಸಿಬಿಟ್ಟಿದ್ದ. ನಮಗೆ ಅದು ಹೊಳೆಯುವ ಮೊದಲೇ ಕಾಕುವಿಗೆ ಹೊಳೆದಿತ್ತು.

"ಎಲ್ಲಾರೂ ಮಾರಿ ಮ್ಯಾಲೆ ಸೆರಗ ಎಳಕೊಳ್ರಿ. ನಾ ಹೇಳೂತನಕ ಯಾರೂ ತಗೀಬ್ಯಾಡ್ರಿ."

ಆ ದನಿಗೆ ಅತ್ತೆ ಸೊಸೆ ಭೇದವಿಲ್ಲದೆ ಎಲ್ಲರೂ ಮುಖ ಮುಚ್ಚಿಕೊಂಡರು. ಆಚೆ ಕಡೆ ಕಥೆ ಹೇಳುವವನು ಮುಸುಕಿನವನ ಹೆಸರು ಕೂಗಲು ಬಾಯಿ ತೆರೆದಿದ್ದ. "ಬೀಸೂ ಕಲ್ಲಿನ ಹಾಡ ಹಚ್ರಿ, ಜೋರ್‍ಲೆ" ಎಂದರು ಕಾಕು. ಯಾವುದೋ ಮುದುಕಿ ದನಿ ಎತ್ತಿದಳು, ಉಳಿದವರು ಕೂಡಿಕೊಂಡರು. ಸೆರಗಿನೊಳಗೆ ನಾನೂ ಹಾಡಿದೆ, ನಗು ತಡೆಯಲಾಗದೆ ಹೊಟ್ಟೆ ನೋಯುತ್ತಿತ್ತು. ಅವನು ಏನು ಕೂಗಿದನೋ ನಮಗೆ ಒಂದಕ್ಷರ ಕೇಳಲಿಲ್ಲ. ಕಾಕು ಪರದೆ ಸರಿಸಿ, ಗಂಡಸರ ನಡುವೆಯೇ ನಡೆದು ಹೋಗಿ ಯಂತ್ರದವನ ಕೈ ಹಿಡಿದು ನಿಲ್ಲಿಸಿದರಂತೆ. ಒಬ್ಬ ಗೃಹಿಣಿ ಹಾಗೆ ನಡೆಯುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ತವರೂರಿನಲ್ಲಿ ಬೇರೆ…

ಸರಿಯಾದ ರೀಲು ಏರಿತು. ಸೆರಗು ತೆಗೆದೆವು. ಆಮೇಲೆ ಕಡೆಯ ರೀಲಿನಲ್ಲಿ ಮುಸುಕು ಕಳಚಿದಾಗ ನಮ್ಮ ಕಡೆಯಿಂದ ಎದ್ದ ಉದ್ಗಾರಕ್ಕೆ ಡೇರೆಯೇ ಅಲುಗಿತು. ಗಂಡಸರ ಕಡೆ ಸದ್ದಿಲ್ಲ. ಅವರಿಗೆ ಮೊದಲೇ ಎಲ್ಲ ಗೊತ್ತಾಗಿತ್ತಲ್ಲ, ಪಾಪ. ಹೊರಗೆ ಬಂದಾಗ ಮಾಲಕ, "ಪರದೆ ಇರ್ಲಿ ಬಾಯಾರ" ಎಂದ, ಅಷ್ಟೇ.

ಪರದೆ ಉಳಿಯಿತು. ಕಾಕು ಉಳಿಯಲಿಲ್ಲ. ಎರಡು ಮಳೆಗಾಲ ಕಳೆದಿರಬಹುದು, ಅವರಿಗೆ ಜ್ವರ ಹಿಡಿದು ಬಿಡಲೇ ಇಲ್ಲ. ಹಾಸಿಗೆಯಲ್ಲೇ ವಾರಗಟ್ಟಲೆ ಸೊರಗಿದರು. ಆಗ ಕೋಟೆ ಬಯಲಿನಲ್ಲಿ ಇನ್ನೊಂದು ಮುಸುಕಿನ ಚಿತ್ರ ನಡೆದಿತ್ತು. ಕೊನೆಯ ಭಾಗ ಬಂತು. ಕಾಕು ನನ್ನನ್ನು ಕರೆಸಿದರು.

"ನನ್ನ ಜಾಗಾದಾಗ ನೀ ನಿಲ್ಲು ತಂಗಿ. ಯಾರ ಏನರ ಅನ್ಲಿ, ನೀ ನಿಲ್ಲು. ನಾಳಿ ಬಂದು ನನಗ ಎಲ್ಲಾ ಹೇಳು. ಮೊದಲಿಂದ ಹೇಳಬೇಕ ಮತ್ತ."

ನಿಂತೆ. ಕಾಕು ಕಲಿಸಿದ್ದ ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಹೇಳಿದೆ. ಮರುದಿನ ಮಧ್ಯಾಹ್ನ ಅವರ ಹಾಸಿಗೆಯ ಬದಿಗೆ ಕೂತು ಮೊದಲಿನಿಂದ ಶುರು ಮಾಡಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹುಡುಗಿ ಮುಸುಕಿನವನ ಎದುರಿಗೆ ಬಂದು, ಅವನ ಮುಖದ ಕಡೆ ಕೈ ಚಾಚಿದಳು ಎನ್ನುವಲ್ಲಿಗೆ ಬಂದು, ಅವರೇ ಕಲಿಸಿದ ಹಾಗೆ ನಾನು ಸುಮ್ಮನಾದೆ. ಕಾಕುವಿನ ತುಟಿಯಲ್ಲಿ ನಗು ಮೂಡಿತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಒತ್ತಿದರು.

"ಇಲ್ಲೇ ನಿಲ್ಸು. ಉಳದದ್ದು ನಾಳಿ."

ಹೇಳಿಬಿಡಲೇ ಎಂದು ಮನಸ್ಸು ಹೊಯ್ದಾಡಿತು. ಆದರೆ ಅವರ ಹಿಡಿತ ಗಟ್ಟಿಯಾಗಿತ್ತು. ಸೆರಗು ಎಳೆದುಕೊಳ್ಳಿ ಎಂದ ದಿನದ ಹಟವೇ ಅದು. ಎದ್ದು ಬಂದೆ. ಬೆಳಗಾಗುವ ಹೊತ್ತಿಗೆ ಬಾಜು ಮನೆಯಿಂದ ಅಳುವ ಸದ್ದು ಕೇಳಿಸಿತು…

ಮಾತಾಡುವ ಸಿನಿಮಾ ಬರುವ ತನಕ ಪರದೆಯ ಬದಿಗೆ ನಾನು ನಿಂತೆ. ಅತ್ತೆ ಬೈದರು, ಓಣಿ ಆಡಿಕೊಂಡಿತು, ನಾನು ಜಾಗ ಬಿಡಲಿಲ್ಲ. ಆಮೇಲೆ ಎಷ್ಟೋ ಪತ್ತೇದಾರಿ ಚಿತ್ರ ನೋಡಿದ್ದೇನೆ. ಹೆದರಿಕೆಯ ಜಾಗ ಬಂದಾಗ ಈಗಿನವು ಬಾಜಾ ಬಾರಿಸಿ ಕಿರುಚುತ್ತವೆ. ಕಾಕು ಇರಬೇಕಿತ್ತು ಎಂದು ಆಗೆಲ್ಲ ಅನಿಸುತ್ತದೆ.

ಮಚ್ಛೆಯಿಂದ ಮನೆಗೆ ಬರುವಾಗ ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. ಮನೆ ಬಂದರೂ ಅವನು ಗಾಡಿಯಿಂದ ಇಳಿಯಲಿಲ್ಲ.

"ಆ ಮುಸುಕಿನಾಂವ ಯಾರಿದ್ದ, ಆಯಿ?"

ನನಗೆ ಇವತ್ತಿಗೂ ಗೊತ್ತು. ಆ ಮುಖವೂ ನೆನಪಿದೆ. ಕಾಕು ಹೋದ ಮೇಲೆ ಅದನ್ನು ಯಾರಿಗೂ ಹೇಳಿಲ್ಲ. "ಅದು ಕಾಕುಗ ಹೇಳೂದೈತಿ" ಎಂದು ನಿಧಾನವಾಗಿ ಇಳಿದು ಒಳಗೆ ಬಂದೆ.